ಕೆಂಪು ಹನ್ನೊಂದರ ಬಾಲ

ಮೊದಲು ಮೀಸೆಯ ವಿಷಯ ಹೇಳಿಬಿಡಬೇಕು. ಇಲ್ಲದಿದ್ದರೆ ಮುಂದೆ ನಡೆದದ್ದು ಯಾರ ತಲೆಗೂ ಹತ್ತುವುದಿಲ್ಲ.

ಅದು ಮೀಸೆ ಅಂದರೆ ಮೀಸೆ. ಎರಡೂ ಕಡೆ ಕೆನ್ನೆಯನ್ನು ದಾಟಿ, ಕಿವಿಯ ಕಡೆಗೆ ಹೊರಟು, ಅರ್ಧ ದಾರಿಯಲ್ಲಿ ಮನಸ್ಸು ಬದಲಾಯಿಸಿ ಮೇಲಕ್ಕೆ ತಿರುಗಿದ್ದು. ದಿನಾ ಬೆಳಿಗ್ಗೆ ಕಾಲು ಗಂಟೆ ಅದರ ಸೇವೆ ನಡೆಯುತ್ತಿತ್ತು. ಎಣ್ಣೆ, ಸಣ್ಣ ಬಾಚಣಿಗೆ, ಆಮೇಲೆ ಹೆಬ್ಬೆರಳು ತೋರುಬೆರಳುಗಳ ನಡುವೆ ಹುರಿ. ಚಹಾ ಕುಡಿಯಬೇಕಾದರೆ ಒಂದು ಕೈಯಲ್ಲಿ ಲೋಟ, ಇನ್ನೊಂದು ಕೈಯಲ್ಲಿ ಮೀಸೆ. ಇಸ್ತ್ರಿಪೆಟ್ಟಿಗೆಯ ಕೆಂಡ ಊದಲು ಹೋಗಿ ಎಡಗಡೆಯದನ್ನು ಎರಡು ಸಲ ಸುಟ್ಟುಕೊಂಡದ್ದುಂಟು. ಒಂದು ಸಲವಂತೂ ಹೊಲಿಗೆ ಯಂತ್ರದ ಮೇಲೆ ಬಗ್ಗಿದ್ದಾಗ ಬಲಗಡೆಯ ತುದಿ ಸೂಜಿಯ ಕೆಳಗೆ ಸಿಕ್ಕಿ, ಯಾರದೋ ಅಂಗಿಯ ಕಾಲರಿಗೆ ಮೂರು ಹೊಲಿಗೆ ಬಿದ್ದುಬಿಟ್ಟಿತ್ತು. ಹೆಂಡತಿ ಕತ್ತರಿ ಹಿಡಿದು ಓಡಿ ಬಂದರೆ, "ಕಾಲರ್ ಕತ್ತರಿಸು, ಮೀಸೆ ಮುಟ್ಟಬೇಡ!" ಎಂದು ಯಂತ್ರಕ್ಕೆ ಕಟ್ಟಿಹಾಕಿಕೊಂಡೇ ಕೂಗಿದ ಮನುಷ್ಯ ಅವರು. ಊರಿನವರು ಅವರನ್ನು ಮೀಸೆ ಮಾಸ್ತರ್ ಅನ್ನದೆ ಇನ್ನೇನು ಅಂದಾರು?

ಇಷ್ಟೆಲ್ಲ ಕಷ್ಟ ಕೊಟ್ಟ ಮೀಸೆಯನ್ನು ಮಾಸ್ತರರು ಸಾಕಿದ್ದಕ್ಕೆ ಒಂದು ಕಾರಣವಿತ್ತು. ಮೂವತ್ತೊಂದು ವರ್ಷದ ಹಿಂದೆ ಅವರು ಕೆಲಸ ಮಾಡುತ್ತಿದ್ದ ಬಟ್ಟೆ ಹೊಲಿಯುವ ಅಂಗಡಿಯಲ್ಲಿ ಮೂವರು ಮದುವೆಯಾಗದ ಗಂಡಸರಿದ್ದರು. ಬಟ್ಟೆ ಕತ್ತರಿಸುವವನು ಬೆಳ್ಳಗೆ, ಎತ್ತರಕ್ಕೆ ಇದ್ದ. ಇಸ್ತ್ರಿಯವನು ಹಾಡುತ್ತಿದ್ದ. ಮಾಸ್ತರರು ಬೆಳ್ಳಗೂ ಇರಲಿಲ್ಲ, ಎತ್ತರವೂ ಇರಲಿಲ್ಲ, ಹಾಡಿದರೆ ಪಕ್ಕದ ಅಂಗಡಿಯವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಆದರೂ ಅಂಗಿಗೆ ಗುಂಡಿ ತೂರಿಸುವ ಕಾಜಾ ಹೊಲಿಯಲು ಬರುತ್ತಿದ್ದ ಹುಡುಗಿ ಆ ಇಬ್ಬರನ್ನೂ ಬಿಟ್ಟು ಇವರನ್ನು ಒಪ್ಪಿದಳು. ಯಾಕೆ? ಮಾಸ್ತರರು ಕನ್ನಡಿ ನೋಡಿಕೊಂಡರು. ಉತ್ತರ ಮೂಗಿನ ಕೆಳಗೇ ಇತ್ತು. ಅವತ್ತಿನಿಂದ ಅದರ ಬಗ್ಗೆ ಅವರಿಗೆ ಒಂದು ಚೂರೂ ಸಂಶಯ ಬಂದಿರಲಿಲ್ಲ.

ಸಂಶಯ ಬಂದದ್ದು ಹಕ್ಕಿಗಳಿಂದ.

ಸಿದ್ಧ ಉಡುಪುಗಳ ಕಾಲ ಬಂದು ಹೊಲಿಗೆ ಅಂಗಡಿ ಮುಚ್ಚಿಹೋದ ಮೇಲೆ ಮಾಸ್ತರರೂ ಅವರ ಹೆಂಡತಿ ಕಾಜಮ್ಮನೂ ಮನೆಯಲ್ಲೇ ಹರಿದದ್ದಕ್ಕೆ ತೇಪೆ ಹಾಕಿಕೊಂಡು ಕೂತಿದ್ದರು. ಆಗ ಒಬ್ಬ ಮೇಡಂ ಹರಿದ ಬಲೆಯೊಂದನ್ನು ರಿಪೇರಿಗೆ ತಂದರು. ಊರ ಹೊರಗಿನ ಹುಲ್ಲುಗಾವಲಿನಲ್ಲಿ ಎರಡು ಕೋಣೆಯ ಕಟ್ಟಡ ಹಾಕಿಕೊಂಡು ಹಕ್ಕಿಗಳ ಮೇಲೆ ಸಂಶೋಧನೆ ಮಾಡುವವರು ಅವರು. ಮಾಸ್ತರರು ಬಲೆಯನ್ನು ಎಲ್ಲಿ ಹರಿದಿತ್ತೆಂದೇ ಗೊತ್ತಾಗದ ಹಾಗೆ ಹೆಣೆದುಕೊಟ್ಟರು. ಮೇಡಂ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ಮುರುಗಿಸಿ ನೋಡಿ, "ನಿಮಗೆ ಹಕ್ಕಿ ಗರಿ ಅಂಟಿಸೋಕೆ ಬರುತ್ತಾ?" ಎಂದರು.

"ಯಾರ ಹಕ್ಕಿಯ ಗರಿ ಉದುರಿದೆ ಮೇಡಂ?"

"ಉದುರಿಲ್ಲ. ನಾವೇ ಕತ್ತರಿಸೋದು."

ಕೆಲಸ ಇಷ್ಟು. ಆ ಹುಲ್ಲಿನಲ್ಲಿ ಒಂದು ಜಾತಿಯ ಕರಿಹಕ್ಕಿ ಇದೆ. ಹೆಣ್ಣು ಕಂದು ಬಣ್ಣದ್ದು, ಗುಬ್ಬಿಯಷ್ಟು. ಗಂಡು ಕಪ್ಪಗೆ ಮಿಂಚುತ್ತದೆ, ಬಾಲ ಮೈಯ ಎರಡರಷ್ಟು ಉದ್ದ. ಆ ಬಾಲ ಹೊತ್ತುಕೊಂಡು ಹಾರಲು ಒದ್ದಾಡುತ್ತದೆ, ಗಾಳಿ ಬಂದರೆ ಅಡ್ಡಡ್ಡ ಹೋಗುತ್ತದೆ, ಗಿಡುಗ ಬಂದರೆ ಕಥೆ ಮುಗಿಯಿತು. ಹಾಗಿದ್ದೂ ಬಾಲ ಯಾಕೆ ಇಷ್ಟುದ್ದ ಬೆಳೆದು ಬಂತು?

"ಹೆಣ್ಣಿಗೆ ಅದು ಇಷ್ಟ ಅಂತ ನನ್ನ ಊಹೆ," ಎಂದು ಮೇಡಂ ಮೊದಲ ದಿನವೇ ಗಂಡ ಹೆಂಡತಿಯನ್ನು ಬೆಂಚಿನ ಮೇಲೆ ಕೂರಿಸಿ ಪಾಠ ಮಾಡಿದರು. "ಉದ್ದ ಬಾಲದವನನ್ನ ಹೆಣ್ಣು ಆರಿಸಿಕೊಳ್ತಾಳೆ. ಅವನಿಗೆ ಮರಿ ಜಾಸ್ತಿ. ಗಂಡುಮರಿಗೆ ಅಪ್ಪನ ಹಾಗೇ ಉದ್ದ ಬಾಲ. ತಲೆತಲಾಂತರ ಹೀಗೇ ನಡೆದು ಬಾಲ ಬೆಳೀತಾನೇ ಹೋಗುತ್ತೆ. ತೀರಾ ಬೆಳೆದವನನ್ನ ಗಿಡುಗ ತಿನ್ನುತ್ತೆ. ಒಂದು ಕಡೆಯಿಂದ ಹೆಣ್ಣು ಎಳೀತಾಳೆ, ಇನ್ನೊಂದು ಕಡೆಯಿಂದ ಗಿಡುಗ ಎಳೆಯುತ್ತೆ. ಮಧ್ಯೆ ನಿಂತಿರೋದೇ ಈ ಬಾಲ. ನಿಜವೋ ಸುಳ್ಳೋ ಅಂತ ನಾವು ನೋಡಬೇಕು."

ಮಾಸ್ತರರಿಗೆ ಬೇರೆ ಯಾರೂ ಇಷ್ಟು ಚೆನ್ನಾಗಿ ತಮ್ಮ ಜೀವನಚರಿತ್ರೆ ಹೇಳಿರಲಿಲ್ಲ. ಮೀಸೆ ತಿರುವಿಕೊಂಡು ಹೆಂಡತಿಯ ಕಡೆ ನೋಡಿದರು. ಆಕೆ ಹುಲ್ಲು ನೋಡುತ್ತಿದ್ದಳು.

ಬಲೆ ಹಾಕಿ ಅರವತ್ತು ಗಂಡು ಹಿಡಿದರು. ಇಪ್ಪತ್ತರ ಬಾಲ ಕತ್ತರಿಸಿ ಚೋಟುದ್ದ ಮಾಡಿ ಕಾಲಿಗೆ ಕೆಂಪು ಬಳೆ ತೊಡಿಸಿದರು. ಆ ತುಂಡುಗಳನ್ನು ಇನ್ನಿಪ್ಪತ್ತರ ಬಾಲಕ್ಕೆ ಸೇರಿಸಿ ಉದ್ದ ಮಾಡಿ ನೀಲಿ ಬಳೆ. ಉಳಿದ ಇಪ್ಪತ್ತರ ಬಾಲವನ್ನು ಕತ್ತರಿಸಿ, ಇದ್ದ ಹಾಗೇ ಮತ್ತೆ ಅಂಟಿಸಿ ಹಳದಿ ಬಳೆ.

"ಕತ್ತರಿಸಿ ಅದನ್ನೇ ಅಂಟಿಸೋದಾ?" ಮಾಸ್ತರರಿಗೆ ನಗು. "ನಮ್ಮ ಅಂಗಡೀಲಿ ಹೀಗೆ ಮಾಡಿದ್ರೆ ಗಿರಾಕಿ ಅಟ್ಟಿಸಿಕೊಂಡು ಬರ್ತಿದ್ದ."

"ಹಿಡಿದ ಭಯ, ಕತ್ತರಿಯ ಕಾಟ, ಎಲ್ಲಾ ಮೂರೂ ಗುಂಪಿಗೆ ಒಂದೇ ಇರ್ಲಿ ಅಂತ. ವ್ಯತ್ಯಾಸ ಉದ್ದದ್ದು ಮಾತ್ರ. ಇದರಲ್ಲಿ ಒಂದೇ ಒಂದು ಹಕ್ಕಿ ಆಚೀಚೆ ಆದ್ರೂ ನನ್ನ ಎರಡು ವರ್ಷದ ಕೆಲಸ ಮಣ್ಣುಪಾಲು. ಗೊತ್ತಾಯ್ತಾ?"

ಮಾಸ್ತರರು ಗೊತ್ತಾಯಿತೆಂದು ತಲೆ ಆಡಿಸಿದರು. ಗರಿಯ ದಂಟಿನೊಳಗೆ ಕೂದಲೆಳೆಯಂಥ ಬಿದಿರಿನ ಸೀಳು ತೂರಿಸಿ, ಒಂದು ತೊಟ್ಟು ಅಂಟು ಹಾಕಿ ಅವರು ಜೋಡಿಸಿದರೆ ಜೋಡಣೆ ಎಲ್ಲಿದೆಯೆಂದು ಹಕ್ಕಿಗೂ ತಿಳಿಯುತ್ತಿರಲಿಲ್ಲ. ಆದರೆ ಪ್ರತಿ ಸಲ ಕತ್ತರಿ ಆಡಿಸುವ ಮುಂಚೆ ಎಡಗೈ ತಾನಾಗಿ ಮೇಲ್ದುಟಿಗೆ ಹೋಗಿ ಬರುತ್ತಿತ್ತು.

ಆಮೇಲಿನ ಕೆಲಸವನ್ನು ಮೇಡಂ ಹಂಚಿಕೊಟ್ಟರು. ಮಾಸ್ತರರು ದುರ್ಬೀನು ಹಿಡಿದು ಯಾವ ಬಳೆಯ ಗಂಡು ಯಾವ ಜಾಗ ಹಿಡಿದಿದೆಯೆಂದು ನೋಡಬೇಕು. ಕಾಜಮ್ಮ ಆ ಜಾಗದ ಹುಲ್ಲಿನಲ್ಲಿ ಎಷ್ಟು ಹೆಣ್ಣು ಗೂಡು ಕಟ್ಟಿದೆಯೆಂದು ಹುಡುಕಬೇಕು. ಆಕೆಯ ಕಣ್ಣೋ, ಜೀವಮಾನವಿಡೀ ಕಪ್ಪು ಬಟ್ಟೆಗೆ ಕಪ್ಪು ದಾರದಲ್ಲಿ ಕಾಜಾ ಹೊಲಿದ ಕಣ್ಣು. ನೂರು ಎಳೆ ಹುಲ್ಲಿನಲ್ಲಿ ಒಂದು ಎಳೆ ಬಾಗಿದ್ದರೂ ಬಿಡುತ್ತಿರಲಿಲ್ಲ. ಮೇಡಮ್ಮೇ ಎಲ್ಲ ಸುತ್ತಿ ನೋಡುವವರಿದ್ದರು, ಆದರೆ ಮೂರನೇ ವಾರ ಇಲಿಬಿಲಕ್ಕೆ ಕಾಲು ಹಾಕಿ ಪಾದದ ಗಿಣ್ಣು ಮುರಿದುಕೊಂಡರು. ಪ್ಲಾಸ್ಟರ್ ಹಾಕಿದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂತು ಇವರಿಬ್ಬರು ಹೇಳಿದ್ದನ್ನು ಬರೆದುಕೊಳ್ಳುವುದಾಯಿತು.

ಲೆಕ್ಕ ಮೇಡಂ ಹೇಳಿದ ದಾರಿಯಲ್ಲೇ ಬಂತು. ನೀಲಿ ಬಳೆಯವರ ಜಾಗದಲ್ಲಿ ಗೂಡಿನ ಮೇಲೆ ಗೂಡು. ಹಳದಿಯವರದು ಮಧ್ಯಮ. ಕೆಂಪಿನವರು ಪಾಪ, ಒಂದೋ ಎರಡೋ, ಹೆಚ್ಚಿನವರಿಗೆ ಸೊನ್ನೆ. ಮಾಸ್ತರರ ಸಂಭ್ರಮ ಕೇಳಬೇಡಿ. ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುತ್ತಾ ಹೆಂಡತಿಗೆ ಹೇಳಿಯೇಬಿಟ್ಟರು.

"ನೋಡಿದ್ಯೇನೇ? ವಿಜ್ಞಾನವೇ ಹೇಳ್ತಿದೆ. ಹೆಣ್ಣು ಅಂದ್ಮೇಲೆ ಒಂದು ಲಕ್ಷಣ ನೋಡಿ ಒಪ್ಪೋದು. ಹಕ್ಕಿಗೆ ಬಾಲ. ನಮಗೆ..." ಎಂದು ಎರಡೂ ತುದಿ ತಿರುವಿದರು.

ಕಾಜಮ್ಮ ತುತ್ತು ನುಂಗಿ ನೀರು ಕುಡಿದಳು. "ನಾನು ನಿಮ್ಮ ಮೀಸೆ ನೋಡಿ ಒಪ್ಪಿದೆ ಅಂತ ಯಾರ್ರೀ ಹೇಳಿದ್ದು?"

ಮಾಸ್ತರರ ಕೈ ತಿರುವಿದಲ್ಲೇ ನಿಂತಿತು. "ಮತ್ತೆ?"

"ಮತ್ತೆ ಏನು? ಮೀಸೆ ಅಲ್ಲ, ಅಷ್ಟೇ."

"ಮತ್ತೇನು ನೋಡಿ ಒಪ್ಪಿದೆ? ಬಣ್ಣವಾ? ಎತ್ತರವಾ?"

"ಅದಿದ್ರೆ ತಾನೇ ನೋಡೋಕೆ!" ಆಕೆ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. "ನೀವೀಗ ವಿಜ್ಞಾನಿ ಅಲ್ವಾ, ನೀವೇ ಕಂಡುಹಿಡೀರಿ."

ಎಷ್ಟು ಗೋಗರೆದರೂ ಬಾಯಿ ಬಿಡಲಿಲ್ಲ. ಅವತ್ತಿನಿಂದ ಮಾಸ್ತರರಿಗೆ ಊಟ ರುಚಿಸಲಿಲ್ಲ. ಮೂವತ್ತೊಂದು ವರ್ಷ ಎಣ್ಣೆ ಹಚ್ಚಿ, ಹುರಿ ಮಾಡಿ, ಬಿಸಿ ಚಹಾ ಆರಿಸಿ ಕುಡಿದದ್ದೆಲ್ಲ ದಂಡವೇ? ಮೀಸೆ ತೆಗೆದಿಟ್ಟರೆ ತಮ್ಮ ಹತ್ತಿರ ಉಳಿಯುವುದೇನು? ಎಷ್ಟು ಲೆಕ್ಕ ಹಾಕಿದರೂ ಅವರಿಗೆ ಒಂದೂ ಸಿಗಲಿಲ್ಲ, ಅದರಿಂದ ಅವರಿಗೆ ನಿಜವಾಗಿ ನೋವಾಯಿತು. ಈ ವಯಸ್ಸಿನಲ್ಲಿ ನಗೆಪಾಟಲಿನ ವಿಷಯ ಎಂದು ಯಾರ ಹತ್ತಿರವೂ ಹೇಳಿಕೊಳ್ಳುವ ಹಾಗಿರಲಿಲ್ಲ.

ಒಂದು ಬೆಳಿಗ್ಗೆ ಪ್ರಯೋಗ ಮಾಡಿಯೇ ನೋಡೋಣವೆಂದು ಕನ್ನಡಿಯ ಮುಂದೆ ಕತ್ತರಿ ಹಿಡಿದು ನಿಂತರು. ಬೋಳಿಸಿಕೊಂಡು ಹೋಗಿ ಆಕೆಯ ಮುಂದೆ ನಿಂತರೆ ಮುಖದಲ್ಲೇ ಉತ್ತರ ಗೊತ್ತಾಗುತ್ತದಲ್ಲ! ಕಣ್ಣು ಮುಚ್ಚಿ ಕತ್ತರಿ ಆಡಿಸಿದರು. ಕಣ್ಣು ಬಿಟ್ಟು ನೋಡಿದರೆ ಮೂರು ಕೂದಲು ಬಿದ್ದಿತ್ತು. ಆ ಮೂರನ್ನು ಕಾಗದದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡು ಕೆಲಸಕ್ಕೆ ಹೋದರು.

ಹೀಗೆ ಮನಸ್ಸು ಕೆಟ್ಟಿದ್ದಾಗಲೇ ಕೆಂಪು ಹನ್ನೊಂದು ಅವರ ಕಣ್ಣಿಗೆ ಬಿದ್ದದ್ದು.

ಕಟ್ಟಡದ ಹಿಂದಿನ ದಿಬ್ಬದಾಚೆ, ಜಗಲಿಯಿಂದ ಕಾಣದ ಕಡೆ, ಅದು ಒಂದು ಜಾಗ ಹಿಡಿದಿತ್ತು. ಕೆಂಪು ಬಳೆ, ಹನ್ನೊಂದನೇ ನಂಬರು, ಚೋಟುದ್ದದ ಮೋಟು ಬಾಲ. ಉಳಿದ ಕೆಂಪಿನವರು ಎರಡು ವಾರ ಕುಣಿದು ಬೇಸತ್ತು ಮಂಕಾಗಿ ಕೂತಿದ್ದವು. ಇದು ಮಾತ್ರ ಬೆಳಗಿನಿಂದ ಹುಲ್ಲಿನ ಮೇಲೆ ಎಗರಿ ಎಗರಿ ಬೀಳುತ್ತಿತ್ತು. ಹೆಣ್ಣುಗಳು ಬರುತ್ತಿದ್ದವು, ಒಂದು ಸಲ ಕತ್ತು ಓರೆ ಮಾಡಿ ನೋಡುತ್ತಿದ್ದವು, ಪಕ್ಕದ ನೀಲಿ ಬಳೆಯವನ ಕಡೆ ಹಾರಿಹೋಗುತ್ತಿದ್ದವು. ಇದು ಮತ್ತೆ ಎಗರುತ್ತಿತ್ತು. ಒಂದು ತಿಂಗಳು, ಒಂದೂ ಗೂಡಿಲ್ಲ. ಮಾಸ್ತರರಿಗೆ ದುರ್ಬೀನಿನ ಗಾಜು ಮಂಜಾಯಿತು.

"ಅಯ್ಯೋ ಮಾರಾಯ," ಎಂದು ಹಕ್ಕಿಗೆ ಹೇಳಿದರು, "ನಿನ್ನ ಬಾಲ ಕತ್ತರಿಸಿದ ಪಾಪಿ ನಾನೇ."

ಮರುದಿನ ಅದನ್ನು ಬಲೆಗೆ ಬೀಳಿಸಿದರು. ನೀಲಿಯವರಿಗೆ ಜೋಡಿಸುವಾಗ ಮಿಕ್ಕ ಗರಿಗಳು ಡಬ್ಬಿಯಲ್ಲಿದ್ದವು. ಒಂದು ತುಂಡು ಸೇರಿಸಿದರು. ಮೊದಲಿನಷ್ಟಾಯಿತು. ಅಲ್ಲಿಗೇ ನಿಲ್ಲಿಸಬೇಕಿತ್ತು. ಆದರೆ ಕಾಲು ಶತಮಾನ ಹೊಲಿದ ಕೈ, ಗಿರಾಕಿ ಇಷ್ಟವಾದರೆ ಎರಡು ಬೆರಳು ಬಟ್ಟೆ ಹೆಚ್ಚೇ ಬಿಡುವ ಕೈ. ಇನ್ನೊಂದು ತುಂಡು ಸೇರಿಸಿದರು. ತಿಂಗಳಿಡೀ ಅನುಭವಿಸಿದ್ದಾನೆ ಪಾಪ ಎಂದು ಇನ್ನೊಂದು. ಮೂರು ಜೋಡಣೆಯ ಬಾಲ ಹೊತ್ತು ಕೆಂಪು ಹನ್ನೊಂದು ಹಾರಿದಾಗ ಆ ಹುಲ್ಲುಗಾವಲಿನ ಯಾವ ನೀಲಿ ಬಳೆಯವನಿಗೂ ಅಂಥ ಬಾಲವಿರಲಿಲ್ಲ. ಬಳೆ ಬಿಚ್ಚಬೇಕೆಂಬುದು ಮಾತ್ರ ಮಾಸ್ತರರಿಗೆ ಹೊಳೆಯಲೇ ಇಲ್ಲ.

ಮೂರು ವಾರ ಕಳೆಯುವಷ್ಟರಲ್ಲಿ ಕಾಜಮ್ಮ ಜಗಲಿಗೆ ಬಂದು, ಮುಖದ ಒಂದು ಗೆರೆಯೂ ಅಲುಗಿಸದೆ, "ಕೆಂಪು ಹನ್ನೊಂದರ ಜಾಗದಲ್ಲಿ ಏಳು ಗೂಡು ಮೇಡಂ," ಎಂದು ಹೇಳಿ ಗಂಡನ ಕಡೆ ಒಂದು ಸಲ ನೋಡಿದಳು.

ಮೇಡಮ್ಮಿನ ಪೆನ್ನು ಕೈಜಾರಿತು. "ಏಳಾ? ಕೆಂಪಾ? ಮೋಟು ಬಾಲದವನಿಗಾ? ಮಾಸ್ತರೇ, ಬಳೆ ಸರಿಯಾಗಿ ನೋಡಿದ್ದೀರಾ?"

"ನೋಡಿದ್ದೀನಿ ಮೇಡಂ. ಕೆಂಪೇ," ಎಂದರು ಮಾಸ್ತರರು. ಅದು ಸುಳ್ಳಲ್ಲ ತಾನೇ? ಬಾಲ ಎಷ್ಟುದ್ದ ಎಂದು ಮೇಡಂ ಕೇಳಲಿಲ್ಲ. ಇವರು ಹೇಳಲಿಲ್ಲ.

ಇಲ್ಲಿಂದ ಕೆಲಸ ಕೆಟ್ಟಿತು. ಮೇಡಮ್ಮಿಗೆ ಆ ಹಕ್ಕಿಯ ಹುಚ್ಚು ಹಿಡಿಯಿತು. ಬಾಲವಿಲ್ಲದೆ ಏಳು ಹೆಣ್ಣುಗಳನ್ನು ಒಲಿಸಿಕೊಂಡ ಗಂಡು! ಹಾಗಾದರೆ ಹೆಣ್ಣು ಬಾಲ ಬಿಟ್ಟು ಬೇರೇನನ್ನೋ ನೋಡುತ್ತಾಳೆ. ಕೂಗನ್ನೋ, ಕುಣಿತವನ್ನೋ. ತಾನು ಎರಡು ವರ್ಷ ನಂಬಿದ್ದು ಅರ್ಧ ಮಾತ್ರ ನಿಜವಿರಬಹುದು. ಹೀಗೆಂದು ನಾಲ್ಕು ಪುಟ ಬರೆದರು, ಹರಿದುಹಾಕಿ ಎಂಟು ಪುಟ ಬರೆದರು. ಅವರ ಕೆಲಸ ಇನ್ನೊಂದು ವರ್ಷ ಮುಂದುವರಿಯಬೇಕೋ ಬೇಡವೋ ಎಂದು ತೀರ್ಮಾನಿಸುವ ಹಿರಿಯ ಪ್ರೊಫೆಸರರಿಗೆ ಪತ್ರ ಹಾಕಿದರು. ಪ್ರೊಫೆಸರರು, ಕಣ್ಣಾರೆ ನೋಡದೆ ತಾನು ನಂಬುವವನಲ್ಲ, ಮುಂದಿನ ವಾರ ಬರುತ್ತೇನೆ ಎಂದು ಉತ್ತರ ಬರೆದರು.

ಮಾಸ್ತರರು, ಪ್ರೊಫೆಸರರು ಬರುವ ಮೊದಲು ಆ ಬಾಲ ಕತ್ತರಿಸಿಬಿಡೋಣವೆಂದು ನಾಲ್ಕು ದಿನ ಬಲೆ ಹಾಕಿದರು. ಎರಡು ಸಲ ಬಿದ್ದ ಬಲೆಗೆ ಹಕ್ಕಿ ಮೂರನೇ ಸಲ ಬೀಳಲಿಲ್ಲ. ಕಾಜಮ್ಮ ದೂರದಿಂದ ನೋಡಿ, "ಏನ್ರೀ ಅದು, ಆ ಕಡೆ ಬಲೆ?" ಎಂದಳು. "ಏನಿಲ್ಲ, ಒಣಗೋಕೆ ಹಾಕಿದ್ದೀನಿ," ಎಂದರು ಇವರು. ಆಕೆ "ಹೂಂ" ಎಂದಷ್ಟೇ ಹೇಳಿ ಮುಂದೆ ಹೋದಳು.

ಪ್ರೊಫೆಸರರು ಬಂದರು. ಸಣ್ಣ ಆಳು, ದೊಡ್ಡ ಟೋಪಿ, ನಗು ಅಂದರೆ ಏನೆಂದು ಯಾರೋ ಹೇಳಿದ್ದು ಮರೆತುಹೋದಂಥ ಮುಖ. ಪ್ಲಾಸ್ಟರ್ ಬಿಚ್ಚಿಸಿಕೊಂಡ ಮೇಡಂ ಊರುಗೋಲು ಹಿಡಿದು ಮುಂದೆ, ಹಿಂದೆ ಪ್ರೊಫೆಸರರು, ಆಮೇಲೆ ಕಾಜಮ್ಮ, ಎಲ್ಲರಿಗಿಂತ ಹಿಂದೆ ಬಲಿಗೆ ಹೊರಟ ಆಡಿನ ಹಾಗೆ ಮಾಸ್ತರರು. ದಿಬ್ಬ ಹತ್ತಿ ನಿಂತರು. ಹುಲ್ಲು ಅಲುಗಿತು.

ಕೆಂಪು ಹನ್ನೊಂದು ಮೇಲಕ್ಕೆ ಚಿಮ್ಮಿತು. ಏನು ಎಗರಾಟ ಅದು! ಹಿಂದೆಯೇ ಬಾಲ ಮೇಲೆದ್ದಿತು, ಏಳುತ್ತಲೇ ಇತ್ತು, ಮುಗಿಯುವ ಲಕ್ಷಣವೇ ಇಲ್ಲ. ಪ್ರೊಫೆಸರರು ದುರ್ಬೀನು ತಿರುಗಿಸಿದರು. "ಬಳೆ ಕೆಂಪು," ಎಂದರು. ಇನ್ನಷ್ಟು ತಿರುಗಿಸಿದರು. "ನಂಬರು ಹನ್ನೊಂದು. ಇದು ನಿಮ್ಮ ಮೋಟು ಬಾಲವೇ?"

ಮೇಡಮ್ಮಿಗೆ ಉತ್ತರ ಕೊಡುವಷ್ಟು ಪುರುಸೊತ್ತು ಸಿಗಲಿಲ್ಲ. ಬಲಗಡೆಯಿಂದ ಒಂದು ನೆರಳು ಹುಲ್ಲಿನ ಮೇಲೆ ಹಾದುಬಂತು. ಬೇರೆ ಹಕ್ಕಿಗಳೆಲ್ಲ ಸರ್ರನೆ ಮುಳುಗಿದವು. ಕೆಂಪು ಹನ್ನೊಂದೂ ತಿರುಗಲು ನೋಡಿತು, ಮೈ ತಿರುಗಿತು, ಬಾಲ ತಿರುಗಲಿಲ್ಲ. ಗಿಡುಗ ಅದನ್ನು ಎತ್ತಿಕೊಂಡು ಹೋದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಹೋಯಿತು. ನಾಲ್ಕು ಕರಿಗರಿಗಳು ತೇಲಿ ತೇಲಿ ಪ್ರೊಫೆಸರರ ಕಾಲ ಬುಡಕ್ಕೇ ಬಂದು ಬಿದ್ದವು. ಮಾಸ್ತರರು ಬಾಯಿ ಬಿಟ್ಟು ಅತ್ತುಬಿಡುವುದೊಂದು ಬಾಕಿ.

ಪ್ರೊಫೆಸರರು ಒಂದು ಗರಿ ಎತ್ತಿಕೊಂಡು ಉಗುರಿನಿಂದ ಮೇಲಿನಿಂದ ಕೆಳಗೆ ಸವರಿದರು. ಒಂದು ಕಡೆ ಉಗುರು ನಿಂತಿತು. ಮತ್ತೊಂದು ಕಡೆ ನಿಂತಿತು. ಮೂರನೇ ಕಡೆಯೂ ನಿಂತಿತು.

"ಮೂರು ಜೋಡಣೆ," ಎಂದರು. "ಬಹಳ ನಾಜೂಕಿನ ಕೆಲಸ. ಮೋಟು ಬಾಲದವನು ಗೆದ್ದ ಅಂತ ಎಂಟು ಪುಟ ಬರೆದಿದ್ದೀರಿ. ನನ್ನನ್ನು ಇಷ್ಟು ದೂರ ಕರೆಸಿದ್ದೀರಿ. ಇದಕ್ಕೆ ನಮ್ಮಲ್ಲಿ ಒಂದು ಹೆಸರಿದೆ, ಅದನ್ನು ನಾನು ಹೆಂಗಸರ ಮುಂದೆ ಹೇಳುವುದಿಲ್ಲ."

ಮೇಡಮ್ಮಿನ ಮುಖ ಸುಣ್ಣವಾಯಿತು. "ಸಾರ್, ನನಗೆ... ನನಗೆ ಅರ್ಥ ಆಗ್ತಿಲ್ಲ. ಬಳೆ ಹಾಕೋವಾಗ ಅದಲುಬದಲು ಆಗಿರಬೇಕು. ನೀಲಿ ಹಾಕೋ ಕಡೆ ಕೆಂಪು... ಅಲ್ವಾ ಮಾಸ್ತರೇ? ಅವತ್ತು ಸಂತೆಯ ಹಾಗೆ ಗಲಾಟೆ ಇತ್ತಲ್ಲ, ಹಾಗೆ ಆಗಿರಬಹುದು ಅಲ್ವಾ?"

ನೋಡಿ, ಬಾಗಿಲು ತಾನಾಗಿ ತೆರೆದಿತ್ತು. ಹೂಂ ಅಂದರೆ ಸಾಕಿತ್ತು. ಅರವತ್ತು ಹಕ್ಕಿಯ ಗಲಾಟೆಯಲ್ಲಿ ಒಂದು ಬಳೆ ತಪ್ಪುವುದು ಯಾರಿಗಾದರೂ ಆಗುವಂಥದ್ದು. ಸಾಕ್ಷಿ ಹೇಳಬೇಕಾದ ಹಕ್ಕಿ ಗಿಡುಗದ ಹೊಟ್ಟೆಯಲ್ಲಿತ್ತು. ಕೆಲಸ ಉಳಿಯುತ್ತಿತ್ತು, ಮರ್ಯಾದೆ ಉಳಿಯುತ್ತಿತ್ತು. ಆದರೆ ಬಳೆ ಹಾಕಿದ್ದು ಮೇಡಮ್ಮಿನ ಕೈ. ತಪ್ಪು ಅವರದಾಗುತ್ತಿತ್ತು. ಮಾಸ್ತರರು ಹೆಂಡತಿಯ ಕಡೆ ನೋಡಿದರು. ಆಕೆ ಯಾವ ಸನ್ನೆಯನ್ನೂ ಮಾಡದೆ ಇವರ ಮುಖವನ್ನೇ, ಗೂಡು ಹುಡುಕುವಾಗ ಹುಲ್ಲು ನೋಡುವ ಹಾಗೆ, ರೆಪ್ಪೆ ಬಡಿಯದೆ ನೋಡುತ್ತಿದ್ದಳು.

"ಬಳೆ ಸರಿಯಾಗಿದೆ ಸಾರ್," ಎಂದರು ಮಾಸ್ತರರು. ಧ್ವನಿ ತಮ್ಮದೇ ಎಂದು ಅವರಿಗೆ ನಂಬಿಕೆಯಾಗಲಿಲ್ಲ. "ಬಾಲ ಅಂಟಿಸಿದ್ದು ನಾನು. ಆಮೇಲೆ. ಯಾರಿಗೂ ಹೇಳದೆ. ಒಂದು ತಿಂಗಳು ಕುಣಿದ್ರೂ ಒಬ್ಬಳೂ ಬರ್ಲಿಲ್ಲ ಸಾರ್ ಅವನ ಹತ್ರ. ನೋಡೋಕಾಗ್ಲಿಲ್ಲ. ಮೇಡಮ್ಮಿಗೆ ಇದು ಗೊತ್ತೇ ಇಲ್ಲ. ಏನು ಮಾಡ್ತೀರೋ ನನಗೆ ಮಾಡಿ."

ಪ್ರೊಫೆಸರರು ಟೋಪಿ ತೆಗೆದು ತಲೆ ಕೆರೆದುಕೊಂಡು ಮತ್ತೆ ಹಾಕಿಕೊಂಡರು.

"ಬಾಲ ಅಂಟಿಸುವ ಮೊದಲು ಎಷ್ಟು ಗೂಡು?"

"ಸೊನ್ನೆ ಸಾರ್."

"ಅಂಟಿಸಿದ ಮೇಲೆ?"

"ಏಳು," ಎಂದಳು ಕಾಜಮ್ಮ.

"ಅದೇ ಹಕ್ಕಿ. ಅದೇ ಜಾಗ. ಅದೇ ಕೂಗು," ಎಂದು ಪ್ರೊಫೆಸರರು ಒಂದೊಂದಾಗಿ ಬೆರಳು ಮಡಚಿದರು. "ಕೊನೆಗೆ ಗಿಡುಗ." ಅವರ ಮುಖದಲ್ಲಿ ಏನೋ ಒಂದು ಕಡೆ ಸೆಳೆದ ಹಾಗಾಯಿತು. ಅದು ನಗುವೆಂದು ತಿಳಿಯಲು ಉಳಿದವರಿಗೆ ಸ್ವಲ್ಪ ಹೊತ್ತು ಹಿಡಿಯಿತು. "ಅಮ್ಮಾ, ನೀವು ಎರಡು ವರ್ಷದಿಂದ ಹೇಳಬೇಕು ಅಂತಿದ್ದದ್ದನ್ನು ಈ ಮನುಷ್ಯ ಒಂದೇ ಹಕ್ಕಿಯಲ್ಲಿ ಮಾಡಿ ತೋರಿಸಿದ್ದಾನೆ. ಆದರೆ ಕದ್ದು ಮಾಡಿದ್ದು, ಒಂದು ಅಕ್ಷರವೂ ಬರೆಯುವ ಹಾಗಿಲ್ಲ. ಕೆಂಪು ಹನ್ನೊಂದನ್ನು ಹೊಡೆದುಹಾಕಿ. ಆ ಎಂಟು ಪುಟ ಒಲೆಗೆ ಹಾಕಿ. ಉಳಿದ ಅಷ್ಟೂ ಹಕ್ಕಿಗಳ ಬಾಲ ನಿಮ್ಮ ಕೈಯಾರೆ ಮತ್ತೆ ಅಳೆಯಿರಿ. ಅಳತೆ ಸರಿಯಿದ್ದರೆ ಇನ್ನೊಂದು ವರ್ಷ ಕೊಡೋಣ."

ಮೇಡಂ ಬೈಗುಳವನ್ನು ಪ್ರೊಫೆಸರರು ಹೋಗುವವರೆಗೆ ತಡೆದಿಟ್ಟುಕೊಂಡು, ಆಮೇಲೆ ಜಗಲಿಯಲ್ಲಿ ಬಡ್ಡಿ ಸಮೇತ ಕೊಟ್ಟರು. ಮಾಸ್ತರರು ತಲೆ ತಗ್ಗಿಸಿ ಪೂರ್ತಿ ತೆಗೆದುಕೊಂಡರು. ಕೊನೆಗೆ ಮೇಡಮ್ಮಿಗೇ ಉಸಿರು ಸಾಲದೆ ಊರುಗೋಲು ಗೋಡೆಗೆ ಒರಗಿಸಿ ಕೂತರು. ನಾಳೆಯಿಂದ ಅಂಟಿನ ಡಬ್ಬಿ ಕಾಜಮ್ಮನ ಕೈಯಲ್ಲಿರುತ್ತದೆ, ಮಾಸ್ತರರು ಹಕ್ಕಿ ಹಿಡಿದುಕೊಂಡರೆ ಸಾಕು, ಹಕ್ಕಿಯ ಜೊತೆ ಮಾತಾಡುವುದು ಬೇಡ ಎಂದು ಅಪ್ಪಣೆಯಾಯಿತು. ಕಾಜಮ್ಮ ಆ ಡಬ್ಬಿಯನ್ನು ಅಲ್ಲೇ ಎತ್ತಿ ಚೀಲಕ್ಕೆ ಹಾಕಿಕೊಂಡಳು.

ಇಳಿಬಿಸಿಲಿನಲ್ಲಿ ಇಬ್ಬರೂ ಮನೆಯ ಕಡೆ ಹೊರಟರು.

"ನಿನಗೆ ಮೊದಲೇ ಗೊತ್ತಿತ್ತು," ಎಂದರು ಮಾಸ್ತರರು.

"ನಿಮ್ಮ ಜೋಡಣೆ ನನಗೆ ಗೊತ್ತಾಗಲ್ವಾ? ಮೊದಲ ದಿನವೇ ನೋಡಿದೆ."

"ಮತ್ತೆ ಹೇಳಬಾರದಿತ್ತಾ?"

"ನೀವು ಹೇಳ್ತೀರೋ ಇಲ್ವೋ ನೋಡ್ಬೇಕಿತ್ತು."

ಇನ್ನಷ್ಟು ದೂರ ನಡೆದರು. ಮಾಸ್ತರರಿಗೆ ಅವತ್ತು ಕಳೆದುಕೊಳ್ಳಲು ಏನೂ ಉಳಿದಿರಲಿಲ್ಲ, ಹಾಗಾಗಿ ನಿಂತು ಕೇಳಿದರು. "ಈಗಾದ್ರೂ ಹೇಳೇ. ಏನು ನೋಡಿ ಒಪ್ಪಿದೆ ನನ್ನನ್ನ?"

ಕಾಜಮ್ಮ ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಹಾಕಿಕೊಂಡಳು. "ಒಂದು ಡಜನ್ ಗಂಡಸರ ಅಂಗಿಗೆ ನಾನು ಕಾಜಾನ ಎಡಗಡೆ ಹೊಲಿಯೋ ಬದಲು ಬಲಗಡೆ ಹೊಲಿದಿದ್ದೆ. ಜ್ಞಾಪಕ ಇದೆಯಾ?"

"ಇಲ್ಲ."

"ಅಷ್ಟೂ ಅಂಗಿ ಹಾಳು. ಮಾಲೀಕ ಅಂಗಡಿ ಹಾರಿಹೋಗೋ ಹಾಗೆ ಕೂಗಾಡಿದ. ಬಟ್ಟೆ ಕತ್ತರಿಸೋನು ಬಟ್ಟೆ ಒಳಗೇ ಮುಖ ಹಾಕ್ದ. ಇಸ್ತ್ರಿಯವನ ಹಾಡು ಅಲ್ಲಿಗೇ ನಿಂತುಹೋಯ್ತು. ನೀವು ಎದ್ದು ನಿಂತು, 'ಬೈಬೇಡಿ, ಕಾಜಾಕ್ಕೆ ಸೀಮೆಸುಣ್ಣದ ಗುರುತು ತಪ್ಪಾಗಿ ಹಾಕಿದ್ದು ನಾನು' ಅಂದ್ರಿ. ಗುರುತು ನೀವು ಹಾಕಿರ್ಲೇ ಇಲ್ಲ."

"ಹೌದಾ?" ಮಾಸ್ತರರಿಗೆ ನಿಜವಾಗಿಯೂ ಮರೆತುಹೋಗಿತ್ತು. "ಧೈರ್ಯವಂತ ಇದ್ದೆ ಹಾಗಾದ್ರೆ."

"ಏನು ಧೈರ್ಯ! ಎದೆ ಉಬ್ಬಿಸಿದ್ರಿ, ಧ್ವನಿ ಗಟ್ಟಿ ಮಾಡಿದ್ರಿ. ಮೀಸೆ ಮಾತ್ರ ಎರಡೂ ಕಡೆ ಗಡಗಡ ನಡುಗ್ತಿತ್ತು. ಇಷ್ಟು ಹೆದರ್ತಾನೆ, ಆದ್ರೂ ನಿಂತಿದ್ದಾನಲ್ಲ ಅಂತ ಅವತ್ತೇ ಒಪ್ಪಿದೆ." ಆಕೆ ಮತ್ತೆ ನಡೆಯತೊಡಗಿದಳು. "ಇವತ್ತೂ ನಡುಗ್ತು. ನಾನು ನೋಡ್ತಾ ಇದ್ದೆ."

ಮಾಸ್ತರರಿಗೆ ಏನಾದರೂ ಹೇಳಬೇಕೆನಿಸಿತು, ಹೊಳೆದದ್ದು ಒಂದೇ. "ಹಾಗಾದ್ರೆ ಈ ಮೀಸೆ ಇದ್ದೂ ದಂಡ ಅನ್ನು. ನಾಳೆ ಬೋಳಿಸಿಬಿಡ್ತೀನಿ."

"ಸುಮ್ನಿರಿ," ಎಂದಳು ಕಾಜಮ್ಮ. "ಅದಿಲ್ಲದಿದ್ರೆ ನೀವು ಹೆದರಿದ್ದು ನನಗೆ ಹೇಗೆ ಗೊತ್ತಾಗ್ಬೇಕು?"